ಅಪ್ಪಣೆಯಿಲ್ಲದ ಕಾಯಕ

ಹಿರಿಯರ ಅಪ್ಪಣೆಯಾಗಲಿ ಸಂಸ್ಥೆಯ ಬೆಂಬಲವಾಗಲಿ ಇಲ್ಲದೆ ಕೈಗೊಂಡ ಕಾರ್ಯವು ಕಾಯಕವೆನಿಸುವುದೇ ಎಂದು ಭಕ್ತರು ಕೇಳುವುದುಂಟು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರಿಗೆ ವಚನಗಳ ತಾಡವೋಲೆಗಳನ್ನು ಸಂಗ್ರಹಿಸಬೇಕೆಂದು ಯಾರೂ ವಿಧಿಸಿರಲಿಲ್ಲ. ಆದರೂ ಅವರು ಓಲೆಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಇಂದು ನಾವು ಪಠಿಸುವ ಎಷ್ಟೋ ವಚನಗಳು ಆ ಶ್ರಮದ ಪ್ರಸಾದವು.

ಆದರೆ ಫಲಿಸಿತೆಂಬುದೊಂದರಿಂದಲೇ ಸ್ವೇಚ್ಛೆಯ ಕಾರ್ಯವು ಕಾಯಕವಾಗದು. ವಹಿಸಿಕೊಂಡ ಕರ್ತವ್ಯಕ್ಕೆ ಲೋಪವಿರಬಾರದು; ಅನ್ಯರ ದ್ರವ್ಯವು ಸೋಂಕಿರಬಾರದು; ಫಲವು ದಾಸೋಹಕ್ಕೆ ಸಲ್ಲಬೇಕು. ಈ ಮೂರಿದ್ದರೆ ಅಪ್ಪಣೆಯು ಅಂತರಂಗದ ಗುರುವಿನದೇ. ಫಲಿಸದಿದ್ದರೂ ಅದು ಕಾಯಕವೇ.

ತಿಪಟೂರು, ತುರುವೇಕೆರೆ ಸೀಮೆಯ ಅಟ್ಟಗಳಲ್ಲಿ ಉಂಡೆಕೊಬ್ಬರಿಯು ತಿಂಗಳುಗಟ್ಟಲೆ ಚಿಪ್ಪಿನೊಳಗೇ ಒಣಗಿ ಪಕ್ವವಾಗುವುದು. ನಡುವೆ ಒಡೆದವನಿಗೆ ಕೊಬ್ಬರಿಯು ದಕ್ಕದು. ಮಠಗಳ, ಸಂಸ್ಥೆಗಳ ಯಜಮಾನರೂ ಕಿರಿಯರ ಸತ್ಕಾರ್ಯವನ್ನು ಅಂತೆಯೇ ತಾಳ್ಮೆಯಿಂದ ಕಾಯಲಿ.