ವೈದ್ಯವಿದ್ಯಾರ್ಥಿಯ ದೇಹರಕ್ಷಣೆ: ಒಂದು ಧರ್ಮಜಿಜ್ಞಾಸೆ

ರೋಗಿಯ ಸೇವೆಗಾಗಿ ತನ್ನ ಊಟ, ನಿದ್ರೆಗಳನ್ನು ಬಿಡುವುದು ತ್ಯಾಗವೋ ಕರ್ತವ್ಯಲೋಪವೋ ಎಂಬ ಪ್ರಶ್ನೆಗೆ ಚರಕಸಂಹಿತೆಯಲ್ಲಿ ಸಿಗುವ ಉತ್ತರ ಸರಳವಾದುದಲ್ಲ. ಅದರ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಗುರುವು ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ಮಾಡುವ ಉಪದೇಶದಲ್ಲಿ, ತನ್ನ ಪ್ರಾಣಕ್ಕಾಗಿಯೂ ರೋಗಿಗೆ ದ್ರೋಹ ಬಗೆಯಬಾರದೆಂಬ ಕಟ್ಟಳೆಯಿದೆ. ನಿದಾನಸ್ಥಾನದಲ್ಲಿ, ದೇಹವನ್ನು ಒಣಗಿಸುವ ಶೋಷವೆಂಬ ರೋಗವನ್ನು ವಿವರಿಸುವಾಗ, ಉಳಿದೆಲ್ಲವನ್ನೂ ಬದಿಗಿಟ್ಟು ಶರೀರವನ್ನು ಕಾಪಾಡಿಕೊಳ್ಳಬೇಕೆಂಬ ವಿಧಿಯೂ ಇದೆ. ಇವು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ರಾತ್ರಿಪಾಳಿಯಲ್ಲಿ ಚಹಾ, ಬಿಸ್ಕತ್ತಿನಲ್ಲೇ ಹಸಿವು ಮರೆತು, ಮೂತ್ರವನ್ನೂ ತಡೆದುಕೊಂಡು, ಬೆಳಗಿನ ಜಾವ ಕೇಸ್ ಶೀಟಿನಲ್ಲಿ ಔಷಧಿಯ ಪ್ರಮಾಣ ಬರೆಯುವ ಹೌಸ್ ಸರ್ಜನ್ ಒಂದು ದಶಾಂಶ ಬಿಂದುವನ್ನು ತಪ್ಪಾಗಿ ಇಟ್ಟರೆ, ಆ ದೇಹದಂಡನೆಯ ಫಲವನ್ನು ಉಣ್ಣುವವನು ರೋಗಿಯೇ. ವೇಗಧಾರಣೆ, ಅಂದರೆ ಮಲಮೂತ್ರ, ಹಸಿವು, ನಿದ್ರೆಗಳಂಥ ಸಹಜ ಪ್ರವೃತ್ತಿಗಳನ್ನು ಬಲವಂತವಾಗಿ ತಡೆಯುವುದು, ರೋಗಕ್ಕೆ ಕಾರಣವೆಂದು ಅದೇ ಗ್ರಂಥದ ಸೂತ್ರಸ್ಥಾನ ಎಚ್ಚರಿಸುತ್ತದೆ. ಇದನ್ನು ಪಾಠವಾಗಿ ಓದಿದವರೇ ವಾರ್ಡಿನಲ್ಲಿ ದಿನವೂ ಮೀರಬೇಕಾಗಿ ಬರುವುದು ನಿಜಕ್ಕೂ ಕಳವಳದ ಸಂಗತಿ.

ವಿಶ್ವ ವೈದ್ಯಕೀಯ ಸಂಘವು 2017ರಲ್ಲಿ ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಯನ್ನು ಪರಿಷ್ಕರಿಸಿ, ಉತ್ತಮ ಚಿಕಿತ್ಸೆ ನೀಡಲು ವೈದ್ಯನು ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಮಾತನ್ನು ಸೇರಿಸಿತು. ಆದರೆ ತನ್ನ ಪಾಳಿಯನ್ನು ತಾನೇ ನಿರ್ಧರಿಸಲಾಗದ ವಿದ್ಯಾರ್ಥಿಯೊಬ್ಬನ ಮೇಲೆಯೇ ಈ ಹೊಣೆಯನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಸುಶ್ರುತಸಂಹಿತೆಯ ಶಿಷ್ಯೋಪನಯನ ಪ್ರಸಂಗದಲ್ಲಿ, ಶಿಷ್ಯನು ಸರಿಯಾಗಿ ನಡೆದುಕೊಂಡರೂ ತಾನು ಅವನನ್ನು ಅನ್ಯಥಾ ಕಂಡರೆ ತನಗೆ ಪಾಪ ತಟ್ಟಲಿ, ತನ್ನ ವಿದ್ಯೆ ನಿಷ್ಫಲವಾಗಲಿ ಎಂದು ಗುರುವೂ ಮಾತು ಕೊಡುತ್ತಾನೆ. ಪಾಳಿಯ ಪಟ್ಟಿ ಬರೆಯುವ ಇಂದಿನ ಪ್ರಾಧ್ಯಾಪಕರನ್ನೂ ಆ ಮಾತು ಬಂಧಿಸುತ್ತದೆ.