ಇಂದಿನ ಧಮ್ಮ ಚಿಂತನೆ: ದೇವರ ಕತೆಗೆ ನಗಬಹುದೇ?





ಮೊನ್ನೆ ಮನೆಯಲ್ಲಿ ಮಕ್ಕಳು ಮೊಬೈಲಿನಲ್ಲಿ ಹಳೆಯ ಕಾರ್ಟೂನ್ ಒಂದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ಕೂತು ನೋಡಿದೆ. 1954ರಲ್ಲಿ ಅಮೆರಿಕದಲ್ಲಿ ಬಂದ ಪೊಪಾಯ್ ಚಿತ್ರ. ಹೆಸರು ‘ಗ್ರೀಕ್ ಮರ್ತಾಲಜಿ’. ಮಿಥಾಲಜಿ ಎಂದರೆ ಪುರಾಣ, ಮರ್ತ್ ಎಂದರೆ ನಗು. ಎರಡನ್ನೂ ಬೆರೆಸಿ ಇಟ್ಟ ಹೆಸರು. ಪಾಲಕ್ ಸೊಪ್ಪು ಬೇಡ ಎನ್ನುವ ಮಕ್ಕಳಿಗೆ ಪೊಪಾಯ್ ತನ್ನ ವಂಶದ ಹಿರಿಯ ಹರ್ಕ್ಯುಲಿಸನ ಕತೆ ಹೇಳುತ್ತಾನೆ. ಗ್ರೀಕರ ಪುರಾಣದಲ್ಲಿ ಹರ್ಕ್ಯುಲಿಸ್ ದೇವರಾಜ ಜೀಯಸನ ಮಗ. ಬಲ ಅವನಿಗೆ ಹುಟ್ಟಿನಿಂದಲೇ ಬಂದದ್ದು. ಕಾರ್ಟೂನಿನಲ್ಲಿ ಹಾಗಲ್ಲ. ಬೆಳ್ಳುಳ್ಳಿ ಮೂಸಿದರೆ ಅವನಿಗೆ ಬಲ! ಬೆಳ್ಳುಳ್ಳಿ ಕೈಕೊಟ್ಟ ಮೇಲೆ ಪಾಲಕ್ ಸೊಪ್ಪಿನಿಂದ ಬಲ!

ಈ ನಗುವಿನೊಳಗೆ ಒಂದು ಮಾತಿದೆ. ದೇವರ ರಕ್ತದಲ್ಲಿದ್ದ ಬಲವನ್ನು ಅದು ತಂದು ಸೊಪ್ಪಿನ ಬುಟ್ಟಿಗೆ ಹಾಕಿತು. ದೇವರ ರಕ್ತ ಒಬ್ಬನದು. ಸೊಪ್ಪು ಸಂತೆಗೆ ಹೋದ ಯಾರಿಗಾದರೂ ಸಿಗುತ್ತದೆ. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳೂ ಅಲ್ಲ ಎಂಬುದು ವಸಲ ಸುತ್ತದ ತಿರುಳು. ಅದನ್ನು ಒಪ್ಪಿದ ನಮಗೆ ಈ ನಗು ಹಿತವಾದದ್ದೇ.

ತ್ರಿಪಿಟಕದಲ್ಲೂ ಇಂಥ ನಗು ಇದೆ. ದೀಘ ನಿಕಾಯದ ಕೇವಟ್ಟ ಸುತ್ತದಲ್ಲಿ ಒಬ್ಬ ಭಿಕ್ಖು ಒಂದು ಪ್ರಶ್ನೆ ಹಿಡಿದು ದೇವಲೋಕಗಳನ್ನೆಲ್ಲ ಸುತ್ತುತ್ತಾನೆ: ಮಣ್ಣು, ನೀರು, ಬೆಂಕಿ, ಗಾಳಿ ಇವು ಉಳಿಕೆಯಿಲ್ಲದೆ ಇಲ್ಲವಾಗುವುದು ಎಲ್ಲಿ? ಕೊನೆಗೆ ಮಹಾಬ್ರಹ್ಮನನ್ನು ಕೇಳುತ್ತಾನೆ. ಬ್ರಹ್ಮ ಉತ್ತರ ಹೇಳುವುದಿಲ್ಲ. ತಾನೇ ಸೃಷ್ಟಿಕರ್ತ, ತಾನೇ ಒಡೆಯ ಎಂದು ಬಿರುದು ಹೇಳಿಕೊಳ್ಳುತ್ತಾನೆ. ಭಿಕ್ಖು ಬಿಡದೆ ಮತ್ತೆ ಮತ್ತೆ ಕೇಳಿದಾಗ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ನನಗೂ ಗೊತ್ತಿಲ್ಲ ಮಾರಾಯ, ಈ ದೇವತೆಗಳ ಎದುರಿಗೆ ಹೇಳಲಾಗಲಿಲ್ಲ, ಹೋಗಿ ಬುದ್ಧರನ್ನೇ ಕೇಳು ಎಂಬರ್ಥದಲ್ಲಿ ಹೇಳಿ ಕಳಿಸುತ್ತಾನೆ. ನಗು ಬರುತ್ತದೆ. ಆದರೆ ಕತೆ ನಗುವಿಗೇ ನಿಲ್ಲುವುದಿಲ್ಲ. ಪ್ರಶ್ನೆ ಬುದ್ಧರ ಬಳಿ ಬರುತ್ತದೆ, ವಿಚಾರ ಮುಂದುವರಿಯುತ್ತದೆ.

ಹಾಗಾದರೆ ನಾವು ಯಾವ ದೇವರನ್ನು ನೋಡಿಯಾದರೂ ನಗಬಹುದಲ್ಲ? ನಾನೂ ಹಾಗೇ ತಿಳಿದಿದ್ದೆ.

ದೀಕ್ಷೆ ಪಡೆದ ಹೊಸತರಲ್ಲಿ ಮಾರಿಹಬ್ಬಕ್ಕೆ ಊರಿಗೆ ಹೋಗಿದ್ದೆ. ಅವ್ವ ಮಾರಮ್ಮನಿಗೆ ದೀಪ ಹಚ್ಚುತ್ತಿದ್ದಳು. "ಆ ಕಲ್ಲು ನಿನ್ ಮಾತು ಕೇಳ್ತದಾ ಅವ್ವ?" ಎಂದು ನಕ್ಕೆ. ಅವ್ವ ತಿರುಗಿ ನೋಡಿ, "ನಗಪ್ಪ, ನಗು. ನೀನು ಕೂಸಾಗಿದ್ದಾಗ ಜ್ವರದಲ್ಲಿ ಬೇಯ್ತಿದ್ದಾಗ ಆಸ್ಪತ್ರೆಗೆ ಹೋಗಕ್ಕೆ ಬಸ್ಸಿರ್ಲಿಲ್ಲ, ಕಾಸಿರ್ಲಿಲ್ಲ. ನನ್ ಅಳು ಕೇಳಕ್ಕೆ ಇದ್ದವಳು ಅವಳೊಬ್ಳೇ" ಅಂದಳು.

ನಾನು ನಕ್ಕದ್ದು ದೇವರನ್ನು ನೋಡಿ ಎಂದುಕೊಂಡಿದ್ದೆ. ನಕ್ಕದ್ದು ಅವ್ವನ ಒಂಟಿತನವನ್ನು ನೋಡಿ. ಹರ್ಕ್ಯುಲಿಸನನ್ನು ಆಡಿಕೊಂಡಾಗ ನೋಯಲು ಅವನ ಮುಂದೆ ಕೂತು ಅತ್ತ ತಾಯಂದಿರು ಅಮೆರಿಕದಲ್ಲಿ ಇರಲಿಲ್ಲ. ನಮ್ಮ ಕೇರಿಯಲ್ಲಿ ಇದ್ದಾರೆ. ನಮ್ಮ ಹೆಸರು, ನಮ್ಮ ಊಟ, ನಮ್ಮ ಮಾತು ಕೇಳಿ ಊರು ನಕ್ಕದ್ದನ್ನು ಉಂಡವರು ನಾವು. ಆ ನಗು ಎಲ್ಲಿ ಚುಚ್ಚುತ್ತದೆ ಎಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೊದಲನೆಯವು ಆ ದೇವರುಗಳನ್ನು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬವು. ಅವು ನನ್ನನ್ನು ಕಟ್ಟಿಹಾಕುವ ಮಾತುಗಳು, ಅವ್ವನನ್ನು ಹಂಗಿಸಲು ಕೊಟ್ಟ ಕೋಲಲ್ಲ. ಅದೇ ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಇಡುವ ಮಾತೂ ಇದೆ.

ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ದೇವರ ಹೆಸರು ಹೇಳಿ ಹುಟ್ಟಿನ ದೊಡ್ಡಸ್ತಿಕೆ ತೋರಿಸುವವರ ಎದುರು ಕೇವಟ್ಟ ಸುತ್ತದ ನಗು ನಗೋಣ. ಆದರೆ ಒಂದು ಪರೀಕ್ಷೆ ಇರಲಿ. ಯಾರಾದರೂ ಬುದ್ಧ, ಧಮ್ಮ, ಸಂಘವನ್ನು ನಿಂದಿಸಿದರೆ ಸಿಟ್ಟಾಗಬೇಡಿ, ಸಿಟ್ಟಾದರೆ ಅವರ ಮಾತು ಸರಿಯೋ ತಪ್ಪೋ ತಿಳಿಯಲಾರಿರಿ ಎಂದು ಬ್ರಹ್ಮಜಾಲ ಸುತ್ತ ಎಚ್ಚರಿಸುತ್ತದೆ. ನಮ್ಮ ಮೇಲಿನ ನಗೆಯನ್ನು ಸಮಾಧಾನದಿಂದ ಕೇಳಬಲ್ಲೆವಾದರೆ ಮಾತ್ರ ಇನ್ನೊಬ್ಬರ ನಂಬಿಕೆಯ ಬಗ್ಗೆ ಮಾತಾಡಲು ನಾವು ತಯಾರಾಗಿದ್ದೇವೆ ಎಂದರ್ಥ. ದೇವರನ್ನು ಆಡಿಕೊಳ್ಳುವ ವಿಡಿಯೋ ಫಾರ್ವರ್ಡ್ ಮಾಡುವ ಮುಂಚೆ ಒಂದು ಗಳಿಗೆ ಇದನ್ನು ನೆನೆಯೋಣ.

ಮುಂದಿನ ಮಾರಿಹಬ್ಬಕ್ಕೂ ಅವ್ವ ದೀಪ ಹಚ್ಚುತ್ತಾಳೆ. ನಾನು ಹಚ್ಚುವುದಿಲ್ಲ, ನಗುವುದೂ ಇಲ್ಲ. ಪಕ್ಕದಲ್ಲಿ ಕೂತು ಆ ಜ್ವರದ ರಾತ್ರಿಯ ಕತೆಯನ್ನು ಪೂರ್ತಿ ಕೇಳುತ್ತೇನೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏