ಔಷಧದಾನವೂ ರೋಗಿಯ ಸಾನ್ನಿಧ್ಯವೂ

ಕ್ರಿ.ಶ. 2014ರ ಬೇಸಗೆಯಲ್ಲಿ ಅಮೆರಿಕಾ ದೇಶದಲ್ಲಿ ವಿಚಿತ್ರವಾದ ಒಂದು ದಾನಪದ್ಧತಿ ಹಬ್ಬಿತು. ಒಬ್ಬನು ಮಂಜುಗಡ್ಡೆ ಬೆರೆಸಿದ ಒಂದು ಬಕೆಟ್ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಆ ದೃಶ್ಯವನ್ನು ಲೋಕಕ್ಕೆಲ್ಲ ತೋರಿಸಿ, ತನ್ನ ಮಿತ್ರರೂ ಹಾಗೆ ಮಾಡಬೇಕು, ಇಲ್ಲವೇ ಎ.ಎಲ್.ಎಸ್. ಎಂಬ ವ್ಯಾಧಿಯ ಸಂಶೋಧನೆಗೆ ಹಣ ಕೊಡಬೇಕೆಂದು ಕರೆ ಕೊಡುವನು. ಆ ರೋಗಕ್ಕೆ ತುತ್ತಾಗಿದ್ದ ಪೀಟ್ ಫ್ರೇಟ್ಸ್, ಪ್ಯಾಟ್ ಕ್ವಿನ್ ಎಂಬ ತರುಣರು ಇದಕ್ಕೆ ಪ್ರಚಾರ ತಂದರು. ಅಲ್ಲಿಯ ಎ.ಎಲ್.ಎಸ್. ಸಂಘವೊಂದಕ್ಕೇ ಬಂದ ಹಣ ಸುಮಾರು 11 ಕೋಟಿ 50 ಲಕ್ಷ ಡಾಲರು.

ನೀರನ್ನು ಸೋಸಿ, ಮಿತವಾಗಿ ಬಳಸುವ ಶ್ರಾವಕರ ಮನೆಯಲ್ಲಿ ಬೆಳೆದ ನನಗೆ ಇದು ರುಚಿಸಲಿಲ್ಲ. ಜಲಕಾಯಿಕ ಜೀವಗಳಿಗೆ ನಿಷ್ಕಾರಣ ಬಾಧೆ, ಅದರ ಮೇಲೆ ಆಡಂಬರ! ಅದೇ ವರ್ಷ ಹೈದರಾಬಾದಿನಲ್ಲಿ ನೀರಿಗೆ ಬದಲಾಗಿ ಒಂದು ಬಕೆಟ್ ಅಕ್ಕಿಯನ್ನು ಬಡವರಿಗೆ ಕೊಡುವ ಕ್ರಮ ಆರಂಭವಾದಾಗ ಸಂತೋಷಪಟ್ಟೆನು. ಆದರೆ ಪ್ರಶ್ನೆ ಉಳಿಯಿತು: ಪ್ರದರ್ಶನದೊಡನೆ ಕೊಟ್ಟದ್ದು ದಾನವೆನಿಸುವುದೇ?

ದಾತೃವಿಗೆ ದೊರೆಯುವ ಫಲ ಅವನ ಭಾವವನ್ನು ಅವಲಂಬಿಸಿದೆ. ಮಾನಕಷಾಯದಿಂದ ಕೊಟ್ಟವನ ಪುಣ್ಯ ಅಷ್ಟರಮಟ್ಟಿಗೆ ಕುಂದುವುದು. ಆದರೆ ರೋಗಿಗೆ ಆ ಹಣ ಹಣವೇ. ಅದರ ನೆರವಿನಿಂದ ನಡೆದ ಸಂಶೋಧನೆಯು 2016ರಲ್ಲಿ ಈ ರೋಗಕ್ಕೆ ಸಂಬಂಧಪಟ್ಟ ಎನ್.ಇ.ಕೆ.1 ಎಂಬ ವಂಶವಾಹಿಯನ್ನು ಗುರುತಿಸಿತು. ಅದೇ ಹಣದ ಸಹಾಯ ಪಡೆದ ಒಂದು ಔಷಧಕ್ಕೆ 2022ರಲ್ಲಿ ಅಲ್ಲಿ ಅನುಮತಿಯೂ ದೊರೆಯಿತು. ಆದರೆ 2024ರ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಗುಣ ಕಾಣದೆ, ತಯಾರಕರೇ ಅದನ್ನು ಹಿಂತೆಗೆದುಕೊಂಡರು. ಆದುದರಿಂದ ದಾನ ಮಾಡುವವನು ಫಲದ ಅವಸರವನ್ನೂ ಬಿಡಬೇಕಾಗುವುದು.

ಔಷಧ ಬರುವವರೆಗೆ ರೋಗಿಯ ಗತಿಯೇನು? ಈ ವ್ಯಾಧಿಯಲ್ಲಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ನಾಶವಾಗುತ್ತವೆ. ಕೈಕಾಲು, ಮಾತು, ನುಂಗುವಿಕೆ, ಕೊನೆಗೆ ಉಸಿರಾಟವೂ ಕುಂದುತ್ತವೆ. ಹೆಚ್ಚಿನವರು ಬದುಕುವುದು ಎರಡರಿಂದ ಐದು ವರ್ಷ. ಆದರೂ ಅನೇಕರಲ್ಲಿ ಬುದ್ಧಿ ಕೊನೆಯವರೆಗೂ ಎಚ್ಚರವಾಗಿರುತ್ತದೆ.

ಇದನ್ನು ನಾನು ನಾಚಿಕೆಯಿಂದಲೇ ಕಲಿತೆನು. ನನ್ನೊಡನೆ ಗಣಿತ ಬೋಧಿಸುತ್ತಿದ್ದ ಅಧ್ಯಾಪಕರೊಬ್ಬರಿಗೆ ಈ ರೋಗ ಬಂದಿತು. ಎರಡು ಬಾರಿ ಹಣ ಕಳುಹಿಸಿದೆನು. ಆದರೆ ಅನೇಕ ತಿಂಗಳು ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಾತು ನಿಂತವರೆದುರು ಹೇಗೆ ಕುಳಿತಿರಲಿ ಎಂಬ ಅಂಜಿಕೆಯನ್ನು, ‘ಅವರಿಗೆ ಆಯಾಸವಾಗಬಾರದು’ ಎಂಬ ನೆಪದಿಂದ ಮುಚ್ಚಿಕೊಂಡೆನು. ಕೊನೆಗೊಮ್ಮೆ ಹೋದಾಗ ಅವರ ಪತ್ನಿ ಅಕ್ಷರಗಳನ್ನು ಬರೆದ ಹಲಗೆಯೊಂದನ್ನು ಹಿಡಿದು ಒಂದೊಂದನ್ನೇ ಬೆರಳಿನಿಂದ ತೋರಿಸುತ್ತ ಬಂದರು. ಬೇಕಾದ ಅಕ್ಷರಕ್ಕೆ ಅವರು ರೆಪ್ಪೆ ಮುಚ್ಚುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೂಡಿಬಂದ ಮಾತು ಇಷ್ಟೇ: ‘ಹುಡುಗರು ಹೇಗಿದ್ದಾರೆ?’ ಅವರು ನನ್ನ ಹಣವನ್ನಲ್ಲ, ಶಾಲೆಯ ಸುದ್ದಿಯನ್ನು ಕಾಯುತ್ತಿದ್ದರು.

ನಾವು ಬಹಳವಾಗಿ ಆದರಿಸುವ ಅನಶನವು ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು. ವೈಯಾವೃತ್ಯವಾದರೋ ಆಭ್ಯಂತರ ತಪಸ್ಸು. ಅದಕ್ಕೆ ಪಾತ್ರರಾದವರಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತರನ್ನೂ ಆಚಾರ್ಯರು ಹೇಳಿದ್ದಾರೆ. ಅದು ಮುನಿಗಳನ್ನು ಕುರಿತ ಮಾತೆಂಬುದು ನಿಜ. ಆದರೆ ಗೃಹಸ್ಥನ ಕರುಣಾದಾನವೂ ಆ ದಾರಿಯನ್ನೇ ಅನುಸರಿಸಬೇಕಲ್ಲವೇ? ಉಪವಾಸದಲ್ಲಿ ಹಸಿವನ್ನು ಸಹಿಸುವ ನಾವು, ರೋಗಿಯ ಬಳಿ ಕುಳಿತಾಗ ಆಗುವ ಸಂಕಟವನ್ನು ಸಹಿಸಲಾರೆವೇ?

ಧರ್ಮಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಅಷ್ಟಮಿ, ಚತುರ್ದಶಿಗಳ ಉಪವಾಸದಿಂದ ಉಳಿದ ಊಟದ ಖರ್ಚನ್ನು ಇಂಥ ರೋಗಿಗಳಿಗಾಗಿ ತೆಗೆದಿಡಿರಿ. ಹೆಸರು ಹೇಳದೆ ಕೊಡಿರಿ. ಅದರೊಡನೆ, ನಿಮ್ಮ ಊರಿನಲ್ಲಿ ಅಂಥವರಿದ್ದರೆ, ಅವರ ಮನೆಯವರನ್ನು ಕೇಳಿಕೊಂಡು ಅರ್ಧ ಗಂಟೆ ಅವರ ಬಳಿ ಕುಳಿತು ಬನ್ನಿರಿ. ಅಷ್ಟು ಹೊತ್ತು, ಹಗಲಿರುಳು ಶುಶ್ರೂಷೆ ಮಾಡುವ ಆ ಮನೆಯ ತಾಯಿಗೂ ವಿಶ್ರಾಂತಿ ದೊರೆತೀತು.